ಮಾನ್ಸ್ಟರ್ ಹಂಟರ್ ಟ್ರೈ: ಜಲಯುದ್ಧದ ಗುಣದೋಷವಿಚಾರ

೧. ವಿಷಯಪ್ರವೇಶ

ಪರಂಪರೆಯಿಂದ ಸಿದ್ಧವಾಗಿ ಬಂದ ಒಂದು ರೂಪವನ್ನು ಅದರ ಕರ್ತೃಗಳೇ ಬುದ್ಧಿಪೂರ್ವಕವಾಗಿ ಮುರಿದು ಹೊಸದೊಂದನ್ನು ಪ್ರಯೋಗಿಸಿದಾಗ, ಆ ಪ್ರಯೋಗದ ಬೆಲೆಯನ್ನು ಯಾವ ಅಳತೆಯಿಂದ ನಿರ್ಣಯಿಸಬೇಕು? ಅದನ್ನು ಅನುಸರಿಸಿದವರ ಸಂಖ್ಯೆಯಿಂದಲೆ, ಅದು ಒದಗಿಸಿದ ಸೌಕರ್ಯದಿಂದಲೆ, ಅಥವಾ ಅದು ಸಾಧಿಸಿದ ರಸದಿಂದಲೆ? ಕಾವ್ಯಮೀಮಾಂಸೆಯಲ್ಲಿ ಈ ಪ್ರಶ್ನೆಯು ಹಳೆಯದು. ಕಾವ್ಯನಾಟಕಗಳ ಹೊರಗಿನ ಕಲೆಗಳಲ್ಲಿಯೂ ಇದು ತಲೆಯೆತ್ತುವುದೆಂಬುದಕ್ಕೆ ಜಪಾನ್ ದೇಶದ ಕ್ಯಾಪ್‌ಕಾಮ್ ಸಂಸ್ಥೆಯವರು ೨೦೦೯ನೆಯ ಇಸವಿ ಆಗಸ್ಟ್ ೧ರಂದು ಹೊರತಂದ ‘ಮಾನ್ಸ್ಟರ್ ಹಂಟರ್ ಟ್ರೈ’ ಎಂಬ ವಿಡಿಯೋ ಗೇಮು ಒಳ್ಳೆಯ ನಿದರ್ಶನವಾಗಿದೆ.

ವಿಡಿಯೋ ಗೇಮನ್ನು ಅಲಂಕಾರಶಾಸ್ತ್ರದ ಒರೆಗಲ್ಲಿಗೆ ಹಚ್ಚುವುದು ಯುಕ್ತವೆ ಎಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವು ಸುಲಭವಾಗಿದೆ. ಇಂಥ ಆಟದಲ್ಲಿ ನಾಯಕನಿರುವನು. ಪ್ರತಿನಾಯಕನ ಸ್ಥಾನದಲ್ಲಿ ಮೃಗವಿರುವುದು. ಕಾಡು, ಕಡಲು, ಇರುಳು ಮೊದಲಾದ ಉದ್ದೀಪನವಿಭಾವಗಳು ಕಣ್ಣಿಗೆ ಕಟ್ಟುವಂತೆ ಇರುವುವು. ಆದಕಾರಣ ಇದು ದೃಶ್ಯದ ಒಂದು ಪ್ರಭೇದವೆಂದು ಎಣಿಸಲು ಅಡ್ಡಿಯಿಲ್ಲ. ಭೇದವಿರುವುದು ಒಂದೇ ಸ್ಥಳದಲ್ಲಿ. ನಾಟಕದಲ್ಲಿ ನಾಯಕನ ಕಾರ್ಯವನ್ನು ನಟನು ಮಾಡುವನು, ಸಾಮಾಜಿಕನು ನೋಡುವನು. ಇಲ್ಲಿಯಾದರೋ ನೋಡುವವನ ಕೈಯೇ ನಾಯಕನನ್ನು ನಡೆಸುವುದು. ಈ ಒಂದು ಭೇದದಿಂದ ರಸವ್ಯವಸ್ಥೆಯಲ್ಲಿ ಏನು ವ್ಯತ್ಯಾಸವುಂಟಾಗುವುದೆಂಬುದು ಟ್ರೈ ಆಟದ ಜಲಯುದ್ಧಗಳಲ್ಲಿ ಸ್ಪಷ್ಟವಾಗಿ ತೋರುವುದು.

೨. ಪರಂಪರೆಯೂ ಪ್ರಯೋಗವೂ

ಈ ಮಾಲೆಯ ಮೊದಲ ಆಟವು ೨೦೦೪ರಲ್ಲಿ ಪ್ಲೇಸ್ಟೇಷನ್ ೨ ಎಂಬ ಯಂತ್ರಕ್ಕಾಗಿ ಪ್ರಕಟವಾಯಿತು. ಅದರ ವಸ್ತುವು ಸರಳವಾದುದು. ಒಂದು ಹಳ್ಳಿಯ ಆಸರೆಯಲ್ಲಿರುವ ಬೇಟೆಗಾರನು ಭೀಮಾಕಾರದ ಮೃಗಗಳನ್ನು ಎದುರಿಸಿ, ಗೆದ್ದ ಮೃಗದ ಚರ್ಮ, ಮೂಳೆ, ಕೊಂಬುಗಳಿಂದ ಆಯುಧಗಳನ್ನೂ ಕವಚಗಳನ್ನೂ ಮಾಡಿಸಿಕೊಂಡು, ಅವುಗಳ ಬಲದಿಂದ ಇನ್ನೂ ದೊಡ್ಡ ಮೃಗಗಳ ಮೇಲೆ ಹೋಗುವನು. ಬೇಟೆಗಾರನ ದೇಹಬಲವು ಕದನಗಳ ಎಣಿಕೆಯಿಂದ ತಾನಾಗಿ ಬೆಳೆಯುವುದಿಲ್ಲ. ಬೆಳೆಯತಕ್ಕದ್ದು ಅವನ ಸಲಕರಣೆ, ಮತ್ತು ಆಡುವವನ ತಿಳಿವಳಿಕೆ. ಮೃಗದಲ್ಲಿ ಇನ್ನೆಷ್ಟು ಪ್ರಾಣವುಳಿದಿದೆಯೆಂಬುದನ್ನು ಪರದೆಯ ಮೇಲೆ ಅಂಕಿಯಿಂದಾಗಲಿ ಗೆರೆಯಿಂದಾಗಲಿ ತೋರಿಸುವುದಿಲ್ಲ. ಅದು ಕುಂಟುವುದು, ಕೆರಳಿ ಅಬ್ಬರಿಸುವುದು, ಓಡಿಹೋಗಿ ಗುಹೆಯಲ್ಲಿ ಮಲಗುವುದು, ಈ ಅನುಭಾವಗಳಿಂದಲೇ ಅದರ ಸ್ಥಿತಿಯನ್ನು ಊಹಿಸಬೇಕು. ಈ ಮಾಲೆಯ ಮುಖ್ಯವಾದ ಸೊಗಸು ಇದೇ ಆಗಿರುವುದು.

೨೦೦೬ರಲ್ಲಿ ಎರಡನೆಯ ಆಟವೂ, ನಡುನಡುವೆ ಪಿ.ಎಸ್.ಪಿ. ಎಂಬ ಕೈಯಂತ್ರಕ್ಕಾಗಿ ರಚಿಸಿದ ರೂಪಾಂತರಗಳೂ ಹೊರಬಂದವು. ಈ ಕೈಯಂತ್ರದ ಆಟಗಳೇ ಜಪಾನಿನಲ್ಲಿ ಮಾಲೆಯನ್ನು ಮನೆಮಾತಾಗಿಸಿದವು. ಮೂರನೆಯದಾದ ಟ್ರೈ ಮೊದಲು ಪ್ಲೇಸ್ಟೇಷನ್ ೩ಕ್ಕಾಗಿ ಸಂಕಲ್ಪಿತವಾಗಿತ್ತು. ಆ ಯಂತ್ರಕ್ಕೆ ರಚಿಸುವ ವೆಚ್ಚವು ಅಧಿಕವೆಂಬ ಕಾರಣದಿಂದ ಅದನ್ನು ನಿಂಟೆಂಡೋ ಸಂಸ್ಥೆಯ ವೀ ಯಂತ್ರಕ್ಕೆ ಬದಲಾಯಿಸಿದುದನ್ನು ಕ್ಯಾಪ್‌ಕಾಮಿನವರು ೨೦೦೭ರ ಅಕ್ಟೋಬರಿನಲ್ಲಿ ಸಾರಿದರು. ನಿರ್ದೇಶಕರು ಫುಜಿಯೋಕಾ ಕನಾಮೆ, ನಿರ್ಮಾಪಕರು ತ್ಸುಜಿಮೋತೊ ರ್ಯೋಜೋ. ಮೊದಲ ಆಟವನ್ನು ನಿರ್ದೇಶಿಸಿದವರೂ ಫುಜಿಯೋಕಾ ಅವರೇ ಎಂಬುದನ್ನು ಗಮನಿಸಬೇಕು. ರೂಪವನ್ನು ಕಟ್ಟಿದ ಕೈಯೇ ಇಲ್ಲಿ ಅದನ್ನು ಬಿಚ್ಚಿರುವುದು.

ಬಿಚ್ಚಿದುದಾದರೂ ಅಲ್ಪವಲ್ಲ. ಹಳೆಯ ದೊಡ್ಡ ಮೃಗಗಳಲ್ಲಿ ರಾಥಿಯನ್, ರಾಥಲೋಸ್, ಡಿಯಾಬ್ಲೋಸ್ ಎಂಬ ಮೂರನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಸ್ಥಾನಗಳನ್ನು ಹೊಸ ಮೃಗಗಳಿಗೆ ಕೊಟ್ಟರು. ಜೋಡಿಗತ್ತಿ, ಬಿಲ್ಲು, ಸಿಡಿಮದ್ದಿನ ಈಟಿ, ಬೇಟೆಯ ಕಹಳೆ ಎಂಬ ನಾಲ್ಕು ಬಗೆಯ ಆಯುಧಗಳನ್ನು ತೆಗೆದುಹಾಕಿ, ಕೊಡಲಿಯಾಗಿಯೂ ಕತ್ತಿಯಾಗಿಯೂ ಮಾರ್ಪಡುವ ಸ್ವಿಚ್ ಆಕ್ಸ್ ಎಂಬುದನ್ನು ಸೇರಿಸಿದರು. ಮೃಗಗಳಿಗೆ ಆಯಾಸವೆಂಬ ಹೊಸ ಅವಸ್ಥೆಯನ್ನು ಕಲ್ಪಿಸಿದರು. ದಣಿದ ಮೃಗವು ಜೊಲ್ಲು ಸುರಿಸುತ್ತ ನಿಧಾನವಾಗುವುದು, ಹಸಿದು ಬೇರೆ ಪ್ರಾಣಿಯನ್ನು ತಿನ್ನಲು ಹೋಗುವುದು. ಕ್ವುರುಪೆಕೊ ಎಂಬ ಹಕ್ಕಿಯಂಥ ಮೃಗವು ಇತರ ಮೃಗಗಳ ಕೂಗನ್ನು ಅನುಕರಿಸಿ ಅವುಗಳನ್ನು ತನ್ನ ನೆರವಿಗೆ ಕರೆಯುವುದು. ಇವೆಲ್ಲಕ್ಕೂ ಮಿಗಿಲಾದ ಹೊಸತೆಂದರೆ, ಬೇಟೆಗಾರನನ್ನು ನೆಲದಿಂದ ಕಡಲಿನೊಳಕ್ಕೆ ಇಳಿಸಿದುದು.

೩. ಪೂರ್ವಪಕ್ಷ

ಜಲಯುದ್ಧವು ದೋಷವೆಂದು ವಾದಿಸುವವರ ಮಾತು ಹೀಗಿದೆ. ನೆಲದ ಮೇಲೆ ಬೇಟೆಗಾರನು ಎಡಕ್ಕೂ ಬಲಕ್ಕೂ ಹಿಂದಕ್ಕೂ ಮುಂದಕ್ಕೂ ಗಮನವಿಟ್ಟರೆ ಸಾಕು. ನೀರಿನಲ್ಲಿ ಮೇಲೂ ಕೆಳಗೂ ನೋಡಬೇಕಾಗುವುದು. ಆಯುಧವನ್ನು ಹಿರಿದೊಡನೆ ಈಜು ನಿಧಾನವಾಗುವುದು. ಉಸಿರಿಗೆ ಮಿತಿಯುಂಟು, ಅದು ತೀರುತ್ತ ಬಂದರೆ ಕಾದಾಟವನ್ನು ಬಿಟ್ಟು ಮೇಲಕ್ಕೆ ಏಳಬೇಕು, ಇಲ್ಲವೆ ತಳದಿಂದ ಏಳುವ ಗಾಳಿಯ ಗುಳ್ಳೆಗಳನ್ನು ಅರಸಬೇಕು. ನೆಲದ ಮೇಲೆ ವರ್ಷಗಟ್ಟಲೆ ರೂಢಿಸಿಕೊಂಡ ಹೊರಳಾಟ, ತಪ್ಪಿಸಿಕೊಳ್ಳುವ ಹೆಜ್ಜೆ, ಹೊಡೆತದ ಕಾಲಜ್ಞಾನ ಇವೆಲ್ಲ ಇಲ್ಲಿ ಅರ್ಧಕ್ಕೆ ಇಳಿಯುವುವು. ಹೀಗಿರಲು, ಚೆನ್ನಾಗಿ ನಡೆಯುವವನ ಕಾಲಿಗೆ ಕಲ್ಲು ಕಟ್ಟಿದಂತಾಯಿತಲ್ಲದೆ ಲಾಭವೇನು?

ಇದಕ್ಕೆ ಬೆಂಬಲವಾಗಿ ಅವರು ಇತಿಹಾಸವನ್ನೂ ಮುಂದಿಡುವರು. ೨೦೧೦ರ ಡಿಸೆಂಬರಿನಲ್ಲಿ ಕೈಯಂತ್ರಕ್ಕಾಗಿ ಬಂದ ‘ಪೋರ್ಟಬಲ್ ಥರ್ಡ್’ ಎಂಬುದರಲ್ಲಿ ಜಲಯುದ್ಧವಿರಲಿಲ್ಲ. ೨೦೧೧ರ ‘ಟ್ರೈ ಜಿ’ ಎಂಬ ವಿಸ್ತೃತ ಪಾಠದಲ್ಲಿ ಅದು ಮರಳಿತಾದರೂ, ೨೦೧೩ರ ನಾಲ್ಕನೆಯ ಆಟದಲ್ಲಿ ಪುನಃ ಕೈಬಿಡಲ್ಪಟ್ಟಿತು. ಅಲ್ಲಿ ಕಡಲಿನ ಬದಲು ಬಂಡೆಗಳಿಂದ ನೆಗೆಯುವುದೂ ಮೃಗದ ಬೆನ್ನೇರುವುದೂ ಬಂದವು. ೨೦೧೮ರ ‘ವರ್ಲ್ಡ್’, ೨೦೨೧ರ ‘ರೈಸ್’ ಇವುಗಳಲ್ಲಿಯೂ ಜಲಯುದ್ಧವಿಲ್ಲ. ಕರ್ತೃಗಳೇ ತ್ಯಜಿಸಿದುದನ್ನು ವಿಮರ್ಶಕರು ಎತ್ತಿ ಹಿಡಿಯುವುದು ಹೇಗೆ, ಎಂಬುದು ಪೂರ್ವಪಕ್ಷದ ಸಾರ.

೪. ದೋಷವು ನಿತ್ಯವೆ, ಅನಿತ್ಯವೆ?

ಈ ವಾದದಲ್ಲಿ ಹೇಳಿದ ಸಂಗತಿಗಳು ನಿಜವೇ. ಆದರೆ ಸಂಗತಿಗಳಿಂದ ನಿರ್ಣಯಕ್ಕೆ ದಾಟುವಲ್ಲಿ ಒಂದು ವಿವೇಕವು ಬಿಟ್ಟುಹೋಗಿದೆ. ಆನಂದವರ್ಧನನು ದೋಷಗಳಲ್ಲಿ ನಿತ್ಯ ಅನಿತ್ಯವೆಂಬ ವಿಭಾಗಕ್ಕೆ ಆಧಾರವನ್ನು ತೋರಿಸಿರುವನು. ಕಿವಿಗೆ ಕಠೋರವಾದ ಶಬ್ದವು ಶೃಂಗಾರದಲ್ಲಿ ದೋಷ. ಅದೇ ಶಬ್ದವು ರೌದ್ರದಲ್ಲಿ ಗುಣ. ಅಂದಮೇಲೆ ‘ಇದು ಕಷ್ಟ’ ಎಂದು ತೋರಿಸಿದ ಮಾತ್ರಕ್ಕೆ ‘ಇದು ದೋಷ’ ಎಂದು ಸಿದ್ಧವಾಗುವುದಿಲ್ಲ. ಆ ಕಷ್ಟವು ಯಾವ ರಸಕ್ಕೆ ಅಂಗವಾಗಿ ಬಂದಿದೆಯೆಂಬುದನ್ನು ಕೇಳಬೇಕು.

ಆಟದ ನೆಲೆಯನ್ನೇ ನೋಡಬಹುದು. ಮೋಗಾ ಎಂಬುದು ಕಡಲಿನ ಮೇಲೆ ಮರದ ಹಲಗೆಗಳಿಂದ ಕಟ್ಟಿಕೊಂಡ ಬೆಸ್ತರ ಹಳ್ಳಿ. ಅದಕ್ಕೆ ಅನ್ನವೂ ನೀರಿನಿಂದ, ಭಯವೂ ನೀರಿನಿಂದ. ಅಡಿಗಡಿಗೆ ಭೂಕಂಪವಾಗಿ ಹಳ್ಳಿಯು ನಡುಗುತ್ತಿದೆ. ಲಾಗಿಯಾಕ್ರಸ್ ಎಂಬ ಕಡಲಮೃಗವೇ ಅದಕ್ಕೆ ಕಾರಣವೆಂದು ಜನರು ನಂಬಿರುವರು. ಬೇಟೆಗಾರನು ಇನ್ನೂ ಹಗುರವಾದ ಸಲಕರಣೆಯಲ್ಲಿರುವಾಗಲೇ, ಕಥೆಯ ಮೊದಮೊದಲಿಗೇ, ಈ ಮೃಗವು ನೀರಿನಲ್ಲಿ ಎದುರಾಗುವುದು. ಬೆನ್ನಿನ ಮುಳ್ಳುಗಳು ಹೊಳೆದು ವಿದ್ಯುತ್ತು ಹರಿಯುವುದನ್ನು ಕಂಡವನಿಗೆ ‘ಇದು ನನ್ನ ನೆಲೆಯಲ್ಲ’ ಎಂಬ ಅರಿವು ಆ ಕ್ಷಣದಲ್ಲಿಯೇ ಮೂಡುವುದು. ಅದೇ ಲಾಗಿಯಾಕ್ರಸ್ ದಡಕ್ಕೆ ಬಂದಾಗ ಹೊಟ್ಟೆಯೆಳೆದುಕೊಂಡು ನಡೆಯುವ ಭಾರವಾದ ಜಂತು, ನೀರಿಗಿಳಿದರೆ ಬಾಣ. ರಾಯಲ್ ಲುಡ್ರೋತ್ ಎಂಬ ಇನ್ನೊಂದು ಮೃಗದ ಕುತ್ತಿಗೆಯ ಕೇಸರವು ಸ್ಪಂಜಿನಂತೆ ನೀರನ್ನು ಹೀರಿ ಉಬ್ಬುವುದು, ನೆಲದ ಮೇಲೆ ಉಳಿದಂತೆಲ್ಲ ಒಣಗುವುದು. ನೆಲಕ್ಕೂ ನೀರಿಗೂ ಉಳ್ಳ ಈ ಅಂತರವನ್ನು ಮಾತಿನಿಂದ ವರ್ಣಿಸಬಹುದಾಗಿತ್ತು; ಆಟವು ಅದನ್ನು ಆಡುವವನ ಕೈಯ ತೊಡಕಿನಿಂದಲೇ ವ್ಯಂಜಿಸುತ್ತದೆ. ಬೇಟೆಗಾರನ ನಿಧಾನವಿಲ್ಲದಿದ್ದರೆ ಮೃಗದ ವೇಗವು ಬರಿಯ ಚಿತ್ರವಾಗಿ ಉಳಿಯುತ್ತಿತ್ತು.

ಇಲ್ಲಿ ಒಂದು ಶಾಸ್ತ್ರೀಯ ಶಂಕೆಯು ಬರುವುದು. ವೀರಕ್ಕೂ ಭಯಾನಕಕ್ಕೂ ವಿರೋಧವುಂಟು. ಉತ್ಸಾಹವುಳ್ಳ ನಾಯಕನಲ್ಲಿಯೇ ಭಯವನ್ನೂ ವರ್ಣಿಸಿದರೆ ವೀರವು ಕೆಡುವುದು. ಆದಕಾರಣ ಭಯವನ್ನು ಪ್ರತಿನಾಯಕನಲ್ಲಿ ಇಟ್ಟು ಆಶ್ರಯಭೇದದಿಂದ ವಿರೋಧವನ್ನು ಪರಿಹರಿಸಬೇಕೆಂದು ಆಲಂಕಾರಿಕರ ವಿಧಿ. ಟ್ರೈ ಆಟದಲ್ಲಿ ಮೃಗಕ್ಕೆ ಭಯವಿಲ್ಲ. ಭಯವಿರುವುದು ಬೇಟೆಯ ಕಡೆಯಲ್ಲಿಯೇ. ಹಾಗಾದರೆ ವೀರವು ಕೆಟ್ಟಿತೆ?

ಕೆಡಲಿಲ್ಲ. ಏಕೆಂದರೆ, ಮೇಲೆ ಹೇಳಿದ ಭೇದವು ಇಲ್ಲಿ ಉಪಕರಿಸುವುದು. ಪರದೆಯ ಮೇಲಿನ ಬೇಟೆಗಾರನು ಮಾತಾಡುವವನಲ್ಲ, ಹಿಂಜರಿಯುವವನೂ ಅಲ್ಲ, ಆಜ್ಞೆಯಾದೊಡನೆ ಕತ್ತಿಯನ್ನೆತ್ತುವನು. ಉಸಿರು ತೀರುತ್ತಿರುವುದನ್ನು ಕಂಡು ಎದೆ ಹೊಡೆದುಕೊಳ್ಳುವುದು ಆಡುವವನಿಗೆ. ಉತ್ಸಾಹಕ್ಕೆ ಬೇಟೆಗಾರನು ಆಶ್ರಯ, ಭಯಕ್ಕೆ ಆಡುವವನು ಆಶ್ರಯ. ಇಬ್ಬರೂ ಒಬ್ಬನೇ ಎಂದು ತೋರಿದರೂ ಅವರ ನಡುವೆ ಕೂದಲೆಳೆಯ ಅಂತರವುಂಟು. ರಸವಿರೋಧವು ಪರಿಹಾರವಾಗುವುದು ಆ ಅಂತರದಲ್ಲಿ. ಕಾಲಕ್ರಮದಿಂದ ಆಡುವವನು ಮೃಗದ ಚಲನೆಯನ್ನು ಅರಿತು ಕಡಲಿನ ಆಳವನ್ನು ಬಳಸಿಕೊಳ್ಳಲು ಕಲಿತಂತೆ ಭಯವು ಇಳಿದು ಉತ್ಸಾಹವು ಬೇಟೆಗಾರನಿಂದ ಆಡುವವನಿಗೆ ಸಂಕ್ರಮಿಸುವುದು. ಭಯಾನಕವು ವೀರಕ್ಕೆ ಅಂಗವಾಗಿ ನಿಲ್ಲುವ ಈ ಕ್ರಮವು ನೆಲದ ಮೇಲಿನ ಬೇಟೆಯಲ್ಲಿಯೂ ಅಲ್ಪಸ್ವಲ್ಪ ಉಂಟು. ಆದರೆ ರೂಢಿಯ ವಿದ್ಯೆಯನ್ನು ಕಸಿದುಕೊಳ್ಳುವ ನೀರಿನಲ್ಲಿ ಅದು ಪೂರ್ಣವಾಗಿದೆ. ಆದ್ದರಿಂದ ನಿಧಾನ, ಉಸಿರಿನ ಮಿತಿ, ದಿಕ್ಕುಗಳ ಆಧಿಕ್ಯ ಇವು ಅನಿತ್ಯದೋಷಗಳು; ಈ ಪ್ರಕರಣದಲ್ಲಿ ಗುಣಗಳೇ.

೫. ಸಿಯಾಡಿಯಸ್ ಪ್ರಕರಣ

ಕಥೆಯ ಕೊನೆಯಲ್ಲಿ ಈ ಯೋಜನೆಯ ಇನ್ನೊಂದು ಫಲವು ಕಾಣುವುದು. ಲಾಗಿಯಾಕ್ರಸನ್ನು ಗೆದ್ದ ಮೇಲೆಯೂ ಭೂಕಂಪಗಳು ನಿಲ್ಲುವುದಿಲ್ಲ. ಹಳ್ಳಿಯ ನಂಬಿಕೆಯು ಭ್ರಾಂತಿಯಾಗಿತ್ತು. ಕಡಲಿನ ತಳದಲ್ಲಿ ಸಿಯಾಡಿಯಸ್ ಎಂಬ ಅತಿವೃದ್ಧವೂ ಅತಿದೊಡ್ಡದೂ ಆದ ಮೃಗವಿದ್ದು, ಅದರ ಕೊಂಬುಗಳಲ್ಲಿ ಒಂದು ಮಿತಿಮೀರಿ ಬೆಳೆದು ಕಣ್ಣಿಗೆ ಅಡ್ಡವಾಗಿದೆ. ಆ ಕೊಂಬನ್ನು ಅದು ಬಂಡೆಗಳಿಗೆ ಬಡಿಯುತ್ತಿರುವುದೇ ನಡುಕಕ್ಕೆ ಮೂಲ. ದ್ವೇಷವೂ ಅಲ್ಲ, ಹಸಿವೂ ಅಲ್ಲ, ಬಾಧೆ.

ರೌದ್ರದಿಂದ ಕರುಣವು ಹುಟ್ಟುವುದೆಂದು ಭರತಮುನಿಯ ಮತ. ಆ ಮತಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಈ ಜಾತಿಯ ಕಲೆಯಲ್ಲಿ ಹುಡುಕುವುದು ಕಷ್ಟ. ಇಲ್ಲಿಯವರೆಗೆ ಮೃಗದ ನೆಲೆಗೆ ಇಳಿದು ಉಸಿರು ಕಟ್ಟಿದ ಕಷ್ಟವನ್ನು ಆಡುವವನು ತಾನೇ ಉಂಡಿರುವನು. ಈಗ ತನ್ನ ನೆಲೆಯಲ್ಲಿಯೇ ಕಣ್ಣುಕಾಣದೆ ತೊಡಕುವ ಮೃಗವೊಂದನ್ನು ಎದುರಿಗೆ ಕಾಣುವನು. ಯುದ್ಧವು ನಡೆಯುವುದು ಮುಳುಗಿದ ಹಾಳು ಕಟ್ಟಡಗಳ ನಡುವೆ. ಹಳ್ಳಿಯ ರಕ್ಷಣೆಯೂ ಧರ್ಮ, ಮೃಗದ ಬಾಧೆಯೂ ಸತ್ಯ. ಎರಡಕ್ಕೂ ಸಲ್ಲುವ ಮಾರ್ಗವು ಬೇಟೆಗಾರನಿಗಿಲ್ಲ. ಪ್ರತಿನಾಯಕನೆಂದು ಬೆನ್ನಟ್ಟಿದ್ದವನು ನಿರಪರಾಧಿಯಾಗಿಯೂ, ನಿಜವಾದ ಕಾರಣವು ದಯೆಗೆ ಪಾತ್ರವಾಗಿಯೂ ತೋರಿಬಂದಾಗ, ಲಾಗಿಯಾಕ್ರಸಿನ ಮೇಲಣ ಜಯವು ಕೂಡ ಹಿಂದಿರುಗಿ ನೋಡಿದರೆ ಮಂಕಾಗುವುದು. ಕಥಾಸಂವಿಧಾನದಲ್ಲಿ ಇದು ಉತ್ತಮವಾದ ನಿರ್ವಹಣೆ.

೬. ನಿಜವಾದ ದೋಷಗಳು

ಹಾಗೆಂದು ಕೃತಿಯು ನಿರ್ದೋಷವಲ್ಲ. ಕ್ಯಾಮೆರಾದ ವ್ಯವಸ್ಥೆಯು ನಿತ್ಯದೋಷದ ವರ್ಗಕ್ಕೆ ಸೇರತಕ್ಕದ್ದು. ಮೃಗವು ತಲೆಯ ಮೇಲಿನಿಂದ ಹಾದುಹೋದಾಗ ನೋಟವು ಅದನ್ನು ಹಿಂಬಾಲಿಸುವುದಿಲ್ಲ. ಗುಂಡಿಯನ್ನು ಒತ್ತಿ ಒತ್ತಿ ಅದನ್ನು ಹುಡುಕಬೇಕು. ಈ ತೊಡಕು ಬೇಟೆಗಾರನದಲ್ಲ, ಕಡಲಿನದೂ ಅಲ್ಲ, ಯಂತ್ರದ್ದು. ಆದುದರಿಂದ ಯಾವ ರಸಕ್ಕೂ ಅಂಗವಾಗಲಾರದು. ಇದಕ್ಕೆ ಪ್ರಮಾಣವೂ ಉಂಟು. ‘ಟ್ರೈ ಜಿ’ ಆಟದಲ್ಲಿ ನೋಟವನ್ನು ಗುರಿಯಾದ ಮೃಗದ ಕಡೆಗೆ ತಿರುಗಿಸುವ ಸೌಲಭ್ಯವನ್ನು ಸೇರಿಸಿದಾಗ ದೋಷವು ಬಹುಮಟ್ಟಿಗೆ ಹೋಯಿತು, ಜಲಯುದ್ಧವು ಉಳಿಯಿತು. ಬೇರ್ಪಡಿಸಬಹುದಾದ ಎರಡನ್ನು ಪೂರ್ವಪಕ್ಷದವರು ಒಂದೇ ಎಂದು ಎಣಿಸಿದುದೇ ಅವರ ವಾದದ ಮೂಲದಲ್ಲಿರುವ ತಪ್ಪು.

ನಾಲ್ಕು ಆಯುಧಗಳ ಲೋಪವೂ ಸಮರ್ಥನೀಯವಲ್ಲ. ಬೇಟೆಯ ಕಹಳೆಯನ್ನು ಊದಿ ಜೊತೆಗಾರರ ಬಲವನ್ನು ಹೆಚ್ಚಿಸುವವನಿಗೂ ಬಿಲ್ಲಿನಿಂದ ದೂರನಿಂತು ಹೊಡೆಯುವವನಿಗೂ ಇಲ್ಲಿ ಸ್ಥಾನವಿಲ್ಲವಾಯಿತು. ಹೊಸ ಮಾರ್ಗವನ್ನು ತೆರೆಯಲು ಹಳೆಯ ಮಾರ್ಗವನ್ನು ಮುಚ್ಚಬೇಕಾದ ಕಾರಣವು ಕಾಣುವುದಿಲ್ಲ. ೨೦೧೧ರಲ್ಲಿ ಅವುಗಳನ್ನು ಮರಳಿ ಸೇರಿಸಿದುದರಿಂದ ಲೋಪವನ್ನು ಕರ್ತೃಗಳು ಅಂಗೀಕರಿಸಿದಂತಾಯಿತು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು, ಮತ್ತು ಇಡೀ ಮಾಲೆಗೆ ಸೇರಿದುದು. ಒಂದು ರಸವನ್ನು ಮತ್ತೆ ಮತ್ತೆ ಉದ್ದೀಪನಗೊಳಿಸುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವನು. ಆಯುಧಕ್ಕೆ ಬೇಕಾದ ಪದಾರ್ಥವು ದೊರೆಯುವವರೆಗೂ ಒಂದೇ ಮೃಗವನ್ನು ಪುನಃ ಪುನಃ ಬೇಟೆಯಾಡುವುದು ಈ ಆಟಗಳ ನಿಯಮ. ವೀರಕ್ಕೆ ಇದರಿಂದ ಅಷ್ಟಾಗಿ ಹಾನಿಯಿಲ್ಲ; ಅಭ್ಯಾಸವು ವೀರನಿಗೆ ಭೂಷಣವೇ. ಆದರೆ ಕರುಣವು ಹತ್ತು ಸಲ ಬಡಿಸುವ ಅಡಿಗೆಯಲ್ಲ. ಸಿಯಾಡಿಯಸನ್ನು ಎದುರಿಸಿದವನು ಅದರ ಮುರಿದ ಕೊಂಬನ್ನು ಆಯುಧಶಾಲೆಗೆ ಒಯ್ದು, ಇನ್ನೂ ಒಂದೆರಡು ಚೂರು ಬೇಕೆಂದು ಪುನಃ ಇಳಿಯುವಾಗ, ಮೊದಲ ಸಲ ಉಂಟಾದ ದಯೆಯು ಲೆಕ್ಕಾಚಾರವಾಗಿಬಿಡುವುದು. ಕೃತಿಯು ತಾನೇ ಕಟ್ಟಿದುದನ್ನು ತಾನೇ ಕೆಡಿಸುವ ಸ್ಥಳವಿದು. ಜಲಯುದ್ಧವನ್ನು ಮುಂದಿನ ಆಟಗಳು ಕೈಬಿಟ್ಟವು, ಈ ನಿಯಮವನ್ನು ಬಿಡಲಿಲ್ಲ. ತ್ಯಾಗ ಸ್ವೀಕಾರಗಳು ಗುಣದೋಷಗಳಿಗೆ ಪ್ರಮಾಣವಲ್ಲವೆಂಬುದಕ್ಕೆ ಬೇರೆ ಸಾಕ್ಷಿಯು ಬೇಡ.

೭. ಉಪಸಂಹಾರ

ಪ್ರಕಟವಾದ ಕಾಲದಲ್ಲಿ ಈ ಆಟಕ್ಕೆ ಮನ್ನಣೆಯು ದೊರೆಯದೆ ಇರಲಿಲ್ಲ. ಜಪಾನಿನ ‘ಫಾಮಿತ್ಸು’ ಪತ್ರಿಕೆಯು ನಲವತ್ತಕ್ಕೆ ನಲವತ್ತು ಅಂಕಗಳನ್ನು ಕೊಟ್ಟಿತು. ೨೦೧೦ರ ಏಪ್ರಿಲಿನಲ್ಲಿ ಅಮೆರಿಕ ಯೂರೋಪುಗಳಲ್ಲಿಯೂ ಅದು ಪ್ರಕಟವಾಯಿತು. ಆದರೆ ಈ ಕೃತಿಯ ಅರ್ಧವು ಇಂದು ಅದರ ಮೂಲರೂಪದಲ್ಲಿ ಉಳಿದಿಲ್ಲ. ಮೋಗಾ ಹಳ್ಳಿಯ ಕಥೆಯು ಒಬ್ಬನೇ ಆಡತಕ್ಕದ್ದು. ಹಲವರು ಕೂಡಿ ಆಡುವ ಭಾಗವು ಲಾಕ್‌ಲಾಕ್ ಎಂಬ ಮರಳುಗಾಡಿನ ನಗರದಲ್ಲಿ, ಅಂತರಜಾಲದ ಮೂಲಕ ನಡೆಯುತ್ತಿತ್ತು. ಮರಳಿನ ಕಡಲಿನಲ್ಲಿ ಈಜುವ ಜೆನ್ ಮೊಹ್ರಾನ್ ಎಂಬ ಪರ್ವತಾಕಾರದ ಮೃಗವನ್ನು ಹಡಗಿನಿಂದ ಎದುರಿಸುವ ಪ್ರಸಂಗವು ಅಲ್ಲಿಯದು. ನೀರಿನ ಕಡಲಿಗೆ ಮರಳಿನ ಕಡಲನ್ನು ಪ್ರತಿಯಾಗಿ ನಿಲ್ಲಿಸಿದ ಆ ರಚನೆಯನ್ನು ಕಂಡಲ್ಲದೆ ಕೃತಿಯ ಸಮಗ್ರತೆಯು ತಿಳಿಯದು. ಅಮೆರಿಕ ಯೂರೋಪುಗಳಲ್ಲಿ ಆ ಸೇವೆಯನ್ನು ೨೦೧೩ರ ಏಪ್ರಿಲ್ ೩೦ರಂದು ನಿಲ್ಲಿಸಿದರು. ‘ಟ್ರೈ ಜಿ’ ಆಟದಲ್ಲಿ ಲಾಕ್‌ಲಾಕಿನ ಸ್ಥಾನಕ್ಕೆ ಟಾನ್ಜಿಯಾ ಎಂಬ ಬಂದರು ಬಂದಿತು. ಓಲೆಗರಿಯು ಹುಳು ಹಿಡಿದು ನಾಶವಾಗಲು ಶತಮಾನಗಳು ಬೇಕಾಗುತ್ತಿದ್ದವು; ಇಲ್ಲಿ ಮೂರು ವರ್ಷಗಳು ಸಾಕಾದವು. ಇಂಥ ಕೃತಿಗಳ ಪಾಠರಕ್ಷಣೆಯು ವಿದ್ವಾಂಸರ ಗಮನಕ್ಕೆ ಬರಬೇಕಾದ ವಿಷಯವಾಗಿದೆ.

೨೦೨೫ರಲ್ಲಿ ಬಂದ ‘ವೈಲ್ಡ್ಸ್’ ಎಂಬ ಆಟಕ್ಕೆ ಅದೇ ವರ್ಷದ ಜೂನ್ ಕೊನೆಯಲ್ಲಿ ಲಾಗಿಯಾಕ್ರಸನ್ನು ಸೇರಿಸಿದಾಗ, ಅದರೊಡನೆ ನೀರೊಳಗಿನ ಕದನವೂ ಒಂದು ಕಿರುಪ್ರಸಂಗವಾಗಿ ಮರಳಿತು. ಹದಿನಾರು ವರ್ಷಗಳ ಮೇಲೆಯೂ ಆ ಮೃಗವನ್ನು ನೀರಿನಿಂದ ಬೇರ್ಪಡಿಸಿ ನೆನೆಯುವುದು ಕರ್ತೃಗಳಿಗೆ ಸಾಧ್ಯವಾಗಲಿಲ್ಲವೆಂದು ಇದರಿಂದ ಊಹಿಸಬಹುದು. ಪ್ರಯೋಗವೊಂದು ಮಾರ್ಗವಾಗದೆ ಹೋದರೂ ಕೃತಿಯಾಗಿ ನಿಲ್ಲಬಲ್ಲುದು. ಟ್ರೈ ಆಟದ ಕ್ಯಾಮೆರಾವನ್ನು ದೂಷಿಸುವುದು ನ್ಯಾಯ; ಪುನರಾವೃತ್ತಿಯನ್ನು ದೂಷಿಸುವುದು ಅದಕ್ಕಿಂತಲೂ ನ್ಯಾಯ; ಅದರ ಕಡಲನ್ನು ಮಾತ್ರ ದೋಷಗಳ ಪಟ್ಟಿಯಿಂದ ತೆಗೆದು ಗುಣಗಳ ಪಟ್ಟಿಯಲ್ಲಿ ಬರೆಯತಕ್ಕದ್ದು. ಉಳಿದ ನಿರ್ಣಯವು ಸಹೃದಯರಿಗೆ ಸೇರಿದುದು.